ರೆಡಿಮೇಡ್ ಟೆಂಪ್ಲೇಟ್ ಹಾಕಿ ಲೋಡ್ ಬ್ಯಾಲೆನ್ಸರ್ ಕೂರಿಸಿದೆವು. ಸ್ಕ್ರೀನ್ ಪೂರ್ತಿ ಹಸಿರು, ಕಾಟಾ ಮುಂದೆ ಟ್ರ್ಯಾಕ್ಟರ್ ಸಾಲು

ಕಾಟಾ_ಕಂಪ್ಯೂಟರ್ · ಬಾಗಲಕೋಟೆ ಜಿಲ್ಲೆ · ಮಂಗಳವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಬೈಕೋಬೇಡಿ.

ನಾನು ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ವಿಭಾಗ ಅಂದ್ರೆ ನಾನು, ಒಬ್ಬ ಹುಡುಗ, ಒಂದು ಎಸಿ. ಹೋದ ಹಂಗಾಮಿನ ತನಕ ಎಲ್ಲವೂ ಒಂದೇ ಸರ್ವರ್ ಮೇಲೆ ಓಡುತ್ತಿತ್ತು. ಕಬ್ಬಿನ ನೋಂದಣಿ, ಕಟಾವು ಆರ್ಡರ್, ತೂಕದ ಚೀಟಿ, ರೈತರ ಬಿಲ್ಲು, ಎಲ್ಲ. ಜನವರಿಯಲ್ಲಿ ಒಂದು ರಾತ್ರಿ ಅದು ಕೈಕೊಟ್ಟಿತು. ಬೆಳಗಿನ ತನಕ ತೂಕ ಕೈಯಲ್ಲಿ ಬರೆದೆವು. ಆಮೇಲೆ ಮೂರು ದಿನ ಕೂತು ಅದನ್ನೇ ಮತ್ತೆ ಎಂಟ್ರಿ ಮಾಡಿದೆವು. ಆಗ ಸಾಹೇಬರು ದುಡ್ಡು ಬಿಚ್ಚಿದರು.

ಈ ಸಲ ನಮ್ಮ ಸಾಫ್ಟ್‌ವೇರ್ ಓಡಿಸೋಕೆ ಎರಡು ಟಾಮ್‌ಕ್ಯಾಟ್ ಸರ್ವರ್, ಹಿಂದೆ ಒಂದು ಡೇಟಾಬೇಸ್, ಮುಂದೆ ಲೋಡ್ ಬ್ಯಾಲೆನ್ಸರ್, ಅಂದ್ರೆ ಬಂದ ಕೆಲಸವನ್ನು ಎರಡೂ ಸರ್ವರಿಗೆ ಹಂಚೋ ಬಾಕ್ಸ್. ಬಾಕ್ಸ್ ಕೊಟ್ಟವರು "ರೆಡಿಮೇಡ್ ಟೆಂಪ್ಲೇಟ್ ಇದೆ ಸರ್, ಸೆಟ್ಟಿಂಗ್ ಎಲ್ಲ ಅದೇ ಹಾಕುತ್ತೆ, ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ, ಮುಗೀತು" ಅಂದರು. ನಿಜ ಹೇಳ್ಬೇಕು ಅಂದ್ರೆ ಇಪ್ಪತ್ತು ನಿಮಿಷದಲ್ಲಿ ಮುಗಿದೇ ಹೋಯ್ತು. ನನಗೂ ಖುಷಿ. "ಬಿಸಿನೆಸ್ ಅಪ್ಲಿಕೇಶನ್" ಅಂತಲೇ ಒಂದು ಟೆಂಪ್ಲೇಟ್ ಇತ್ತು, ಅದನ್ನೇ ಆರಿಸಿದೆ.

ಈಗ ತೊಂದರೆ ಕೇಳಿ. ಭಾನುವಾರ ರಾತ್ರಿ ಎರಡನೇ ಸರ್ವರಿಗೆ ಡೇಟಾಬೇಸ್ ಸಂಪರ್ಕ ತಪ್ಪಿತು. ಗಾಡಿ ತೂಗೋ ಕಾಟಾ 1ರಲ್ಲಿ ಚೀಟಿ ಬರ್ತಿದೆ, ಕಾಟಾ 2ರಲ್ಲಿ ಬಿಳಿ ಪುಟದ ಮೇಲೆ ಎರರ್. ಲೋಡ್ ಬ್ಯಾಲೆನ್ಸರ್ ನೋಡಿದ್ರೆ ಎರಡೂ ಸರ್ವರ್ ಹಸಿರು! ಡಬಲ್ ಟ್ರಾಲಿ ಟ್ರ್ಯಾಕ್ಟರ್‌ಗಳು ಗೇಟಿನಿಂದ ರಸ್ತೆ ತನಕ ನಿಂತವು. ಡ್ರೈವರುಗಳ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಎರಡನೇದು, ಊರೂರಿನಲ್ಲಿರೋ ನಮ್ಮ ಕಾರ್ಖಾನೆಯ ಸರ್ಕಲ್ ಆಫೀಸಿನವರೆಲ್ಲ ಒಂದನೇ ಸರ್ವರಿಗೇ ಬಂದು ಬೀಳ್ತಿದ್ದಾರೆ. ಎರಡನೇದು ಆರಾಮಾಗಿ ಕೂತಿದೆ.

ಮೂರನೇದು, ಬಿಲ್ಲಿನ ರಿಪೋರ್ಟ್ ಸರಿಯಾಗಿ 50 ಸೆಕೆಂಡಿಗೆ ಸಾಯ್ತಿತ್ತು, 504 (ಸರ್ವರ್ ಉತ್ತರ ತಡ) ಅಂತ. ನಾನು ಒಳಗೆ ಹೋಗಿ ಉತ್ತರಕ್ಕೆ ಕಾಯೋ ಟೈಮ್‌ಔಟ್ ಐದು ನಿಮಿಷ ಮಾಡಿದೆ, ಸರಿಹೋಯ್ತು. ಮೂರು ದಿನ ಬಿಟ್ಟು ಹೊಸ ಸರ್ಟಿಫಿಕೇಟ್ ಹಾಕಲು ಟೆಂಪ್ಲೇಟ್ ತೆರೆದು ಸೇವ್ ಕೊಟ್ಟೆ. ಮತ್ತೆ 50 ಸೆಕೆಂಡ್!

ಟೆಂಪ್ಲೇಟ್ ಕಿತ್ತೆಸೆದು ಎಲ್ಲ ಕೈಯಲ್ಲೇ ಬರೆಯಲಾ? ಬಾಕ್ಸಿನ ಕಂಪನಿ ಹೆಸರು ಕೇಳಬೇಡಿ, ಹೇಳಲ್ಲ.

ಟಿಳಕವಾಡಿ_ಮೂರನೇ_ಗೇಟ್ · ಬೆಳಗಾವಿ

ಹಸಿರು ದೀಪ ನಂಬಿ ಗೇಟ್ ದಾಟಿದಂಗಾಯ್ತು ನೋಡ್ರಿ.

ಉದ್ಯಮಬಾಗ್_ಅಡ್ಮಿನ್ · ಬೆಳಗಾವಿ

ಮೊದಲನೇದಕ್ಕೆ ಉತ್ತರ ಸುಲಭ. ನಿಮ್ಮ ಟೆಂಪ್ಲೇಟ್ ಬರೀ ಟಿಸಿಪಿ ಚೆಕ್ ಹಾಕಿರುತ್ತೆ. ಅಂದ್ರೆ 8080 ಪೋರ್ಟ್ ತೆರೆದಿದೆಯಾ ಅಂತ ನೋಡುತ್ತೆ, ಅಷ್ಟೇ. ಅಂಗಡಿ ಶಟರ್ ಎತ್ತಿದೆಯಾ ಅಂತ ರಸ್ತೆಯಿಂದ ನೋಡಿ ಹೋದ ಹಾಗೆ. ಒಳಗೆ ಮಾಲು ಇದೆಯೋ, ಗಲ್ಲಾ ಮೇಲೆ ಯಾರಾದ್ರೂ ಕೂತಿದ್ದಾರೋ, ಅದಕ್ಕೆ ಗೊತ್ತಿಲ್ಲ. ಡೇಟಾಬೇಸ್ ಹೋದರೂ ಟಾಮ್‌ಕ್ಯಾಟ್ ಪೋರ್ಟ್ ಮುಚ್ಚಲ್ಲ.

ಇದು ಟೆಂಪ್ಲೇಟ್ ಮಾಡಿದವರ ತಪ್ಪು ಅಂತಲೂ ಅಲ್ಲ. ನಿಮ್ಮ ಸಾಫ್ಟ್‌ವೇರಿನಲ್ಲಿ ಯಾವ ಪುಟ ಕೇಳಿದರೆ ಜೀವ ಇದೆ ಅಂತ ಗೊತ್ತಾಗುತ್ತೆ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು? ಸಾಫ್ಟ್‌ವೇರ್ ಬರೆದವರಿಗೆ ಹೇಳಿ ಒಂದು ಸಣ್ಣ ಪುಟ ಮಾಡಿಸಿ. ಅದು ಡೇಟಾಬೇಸಿಗೆ ಹೋಗಿ "ಸೆಲೆಕ್ಟ್ 1" ಅಂತ ಕೇಳಿ ಬರಬೇಕು. ಉತ್ತರ ಬಂದರೆ 200 (ಎಲ್ಲ ಸರಿ) ಜೊತೆ ಒಂದು ಪದ ಬರೆಯಬೇಕು, ಬರದಿದ್ದರೆ 503 (ಸೇವೆ ಇಲ್ಲ). ಲೋಡ್ ಬ್ಯಾಲೆನ್ಸರಿಗೆ ಆ ಪುಟ ಕೇಳು, ಆ ಪದ ಹುಡುಕು ಅಂತ ಹೇಳಿ. ಪದ ಯಾಕೆ ಅಂದ್ರೆ, ಕೆಲವು ಸಾಫ್ಟ್‌ವೇರ್ ಎರರ್ ಪುಟವನ್ನೂ 200 ಅಂತಲೇ ಕಳಿಸುತ್ತವೆ. ನಮ್ಮ ಫೌಂಡ್ರಿಯ ಸ್ಟೋರ್ಸ್ ಸಾಫ್ಟ್‌ವೇರ್ ಹಾಗೇ ಇತ್ತು. "ಕ್ಷಮಿಸಿ, ತೊಂದರೆಯಾಗಿದೆ" ಅಂತ ಕೆಂಪಕ್ಷರದಲ್ಲಿ ಬರೆದು, ಮೇಲೆ 200.

ಡಿಬಿ_ಅಕ್ಕ · ವಿಜಯಪುರ

ಉದ್ಯಮಬಾಗ್ ಅವರೇ, ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಜಗಳ.

ಅವರ ಹತ್ರ ಡೇಟಾಬೇಸ್ ಒಂದೇ ಇದೆ, ಗಮನಿಸಿದಿರಾ? ನಾಳೆ ಯಾರೋ ಒಂದು ದೊಡ್ಡ ರಿಪೋರ್ಟ್ ಒತ್ತಿ ಡೇಟಾಬೇಸ್ ಹತ್ತು ಸೆಕೆಂಡ್ ಉಸಿರು ಹಿಡಿಯಿತು ಅಂದ್ಕೊಳ್ಳಿ. ನಿಮ್ಮ ಪುಟ ಎರಡೂ ಸರ್ವರಿನಲ್ಲಿ ಒಟ್ಟಿಗೆ ಫೇಲ್ ಆಗುತ್ತೆ. ಲೋಡ್ ಬ್ಯಾಲೆನ್ಸರ್ ಎರಡನ್ನೂ ಹೊರಗೆ ಹಾಕುತ್ತೆ. ಆಗ ನಿಧಾನಕ್ಕಾದರೂ ನಡೀತಿದ್ದ ಕಾಟಾ ಪೂರ್ತಿ ನಿಂತೇಬಿಡುತ್ತೆ. ನಾನು ಇದನ್ನ ಕಣ್ಣಾರೆ ನೋಡಿದೀನಿ, ಒಂದು ಸೊಸೈಟಿಯಲ್ಲಿ, ಮಾರ್ಚ್ 31ರ ಸಂಜೆ. ಡೇಟಾಬೇಸ್ ಸತ್ತಿರಲಿಲ್ಲ, ಬಡ್ಡಿ ಲೆಕ್ಕ ಓಡ್ತಿತ್ತು ಅಷ್ಟೇ. ಇಡೀ ಸೈಟ್ 503. ಅರ್ಧ ಗಂಟೆ ಎಲ್ಲರೂ ನನ್ನ ಮುಖ ನೋಡ್ತಾ ನಿಂತಿದ್ದರು.

ಅಮೆಜಾನಿನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರಲ್ಲಿ ಎಲ್ಲ ಸರ್ವರೂ ಅನಾರೋಗ್ಯ ಅಂತ ಬಂದರೆ ಅದು ಹಠ ಮಾಡಲ್ಲ, ಎಲ್ಲದಕ್ಕೂ ಕಳಿಸೋಕೆ ಶುರು ಮಾಡುತ್ತೆ. ಎಚ್‌ಎಪ್ರಾಕ್ಸಿ ಅನ್ನೋ ಇನ್ನೊಂದು ಲೋಡ್ ಬ್ಯಾಲೆನ್ಸರ್ ಹಾಗಲ್ಲ, ಎಲ್ಲ ಬಿದ್ದರೆ ನೇರ 503. ಹಾಗಾಗಿ ನಿಮ್ಮ ಬಾಕ್ಸ್ ಯಾವ ಜಾತಿಯದು ಅಂತ ಮೊದಲು ತಿಳ್ಕೊಳ್ಳಿ.

ಉದ್ಯಮಬಾಗ್_ಅಡ್ಮಿನ್

ಅಕ್ಕಾ, ಡೇಟಾಬೇಸ್ ಇಲ್ಲದ ಸರ್ವರಿಗೆ ಟ್ರಾಫಿಕ್ ಕಳಿಸಿ ಏನು ಪ್ರಯೋಜನ? ಭಾನುವಾರ ಆಗಿದ್ದು ಅದೇ ತಾನೆ.

ಡಿಬಿ_ಅಕ್ಕ

ಒಂದು ಸರ್ವರಿಗೆ ಡೇಟಾಬೇಸ್ ಸಿಗ್ತಿಲ್ಲ ಅಂದ್ರೆ ಅದನ್ನು ಹೊರಗೆ ಹಾಕಿ, ತಕರಾರಿಲ್ಲ. ಎರಡಕ್ಕೂ ಸಿಗ್ತಿಲ್ಲ ಅಂದ್ರೆ ರೋಗ ಸರ್ವರಿನದ್ದಲ್ಲ. ಆಗ ತೆಗೆಯೋದರಿಂದ ಏನೂ ವಾಸಿಯಾಗಲ್ಲ. ಎಚ್‌ಎಪ್ರಾಕ್ಸಿಯಲ್ಲೇ ಇದಕ್ಕೆ ದಾರಿ ಇದೆ. ಬದುಕಿರೋ ಸರ್ವರ್ ಒಂದೂ ಇಲ್ಲ ಅಂತಾದರೆ, ಚೆಕ್ ಇಲ್ಲದ ಇನ್ನೊಂದು ಬ್ಯಾಕೆಂಡಿಗೆ (ಅದೇ ಸರ್ವರುಗಳ ಇನ್ನೊಂದು ಪಟ್ಟಿಗೆ) ಕಳಿಸು ಅಂತ ಒಂದು ಸಾಲು ಬರೆಯಬಹುದು. ಆ ಸಾಲನ್ನು ನಾನು ಯಾವ ರೆಡಿಮೇಡ್ ಟೆಂಪ್ಲೇಟಿನಲ್ಲೂ ನೋಡಿಲ್ಲ.

ಉದ್ಯಮಬಾಗ್_ಅಡ್ಮಿನ್

ಇದು ಗೊತ್ತಿತ್ತು, ಮರೆತಿದ್ದೆ ಅಂತ ಬರೆದರೆ ನಂಬ್ತೀರಾ?

ಡಿಬಿ_ಅಕ್ಕ

ಇಲ್ಲ.

ಗುಮ್ಮಟದ_ಪ್ರತಿಧ್ವನಿ · ವಿಜಯಪುರ

ಟೆಂಪ್ಲೇಟ್ ಕಿತ್ತೆಸೆಯೋ ಮಾತಿಗೆ ನನ್ನ ವಿರೋಧ ಇದೆ. ಟೆಂಪ್ಲೇಟ್ ಯಾಕೆ ಬಂತು ಅಂತ ಹೇಳ್ತೀನಿ, ಸ್ವಲ್ಪ ಹಳೇ ಕಥೆ.

ನಾನು ಬೆಂಗಳೂರಿನಲ್ಲಿ ಏಳು ವರ್ಷ ಎಫ್5 ಕಂಪನಿಯ ಲೋಡ್ ಬ್ಯಾಲೆನ್ಸರ್ ಬಾಕ್ಸ್ ಮೇಲೆ ಕೆಲಸ ಮಾಡಿದವನು, ಈಗ ಊರಿಂದಲೇ ಮಾಡ್ತೀನಿ. 2011ರಲ್ಲಿ ಅವರ 11ನೇ ಆವೃತ್ತಿ ಬಂದಾಗ ಐಆಪ್ ಅಂತ ಟೆಂಪ್ಲೇಟ್ ತಂದರು. ಅದಕ್ಕೂ ಮೊದಲು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೇಲ್ ಸರ್ವರಿಗೆ ಲೋಡ್ ಬ್ಯಾಲೆನ್ಸಿಂಗ್ ಮಾಡಬೇಕಂದ್ರೆ ವೆಬ್ ಮೇಲ್, ಮೊಬೈಲ್ ಮೇಲ್, ಔಟ್‌ಲುಕ್, ಒಂದೊಂದಕ್ಕೂ ಬೇರೆ ಪೂಲ್ (ಸರ್ವರ್ ಗುಂಪು), ಬೇರೆ ಮಾನಿಟರ್ (ಆರೋಗ್ಯದ ಚೆಕ್), ಬೇರೆ ಪ್ರೊಫೈಲ್. ದಪ್ಪ ಪಿಡಿಎಫ್ ಮುಂದಿಟ್ಟುಕೊಂಡು ಒಂದು ದಿನ ಪೂರ್ತಿ ಟೈಪ್ ಮಾಡಬೇಕಿತ್ತು. ಮಧ್ಯ ಒಂದು ಕಡೆ ತಪ್ಪಿದರೆ ಹುಡುಕೋದು ಇನ್ನೊಂದು ದಿನ. ಐಆಪ್ ಬಂದ ಮೇಲೆ ಪ್ರಶ್ನೆಗೆ ಉತ್ತರ ಕೊಡೋದು, ಅದೇ ಎಲ್ಲ ಕಟ್ಟಿಕೊಡೋದು. ಶೇರ್‌ಪಾಯಿಂಟ್, ಎಸ್‌ಎಪಿ, ಒರಾಕಲ್, ಎಲ್ಲಕ್ಕೂ ಇತ್ತು.

ನಿಮ್ಮ ಮೂರನೇ ತೊಂದರೆ ಇದೆಯಲ್ಲ, ಕೈಯಿಂದ ಬದಲಿಸಿದ್ದು ಅಳಿಸಿಹೋಗೋದು, ಅದು ಆ ಕಾಲದಿಂದಲೂ ಇದೆ. ಐಆಪಿನಲ್ಲಿ "ಸ್ಟ್ರಿಕ್ಟ್ ಅಪ್‌ಡೇಟ್ಸ್" ಅಂತ ಒಂದು ಗುಂಡಿ. ಮಾಮೂಲಿಯಾಗಿ ಆನ್ ಇರುತ್ತೆ. ಆನ್ ಇದ್ದರೆ ಟೆಂಪ್ಲೇಟ್ ಕಟ್ಟಿದ್ದನ್ನು ಕೈಯಿಂದ ಮುಟ್ಟೋಕೇ ಬಿಡಲ್ಲ. ಆಗ ಎಲ್ಲರೂ ಏನು ಮಾಡ್ತಿದ್ದರು? ರಾತ್ರಿ ಎರಡು ಗಂಟೆಗೆ ಸಿಟ್ಟಲ್ಲಿ ಆಫ್ ಮಾಡಿ, ಬೇಕಾದ್ದು ಬದಲಿಸಿ, ಮಲಗೋದು. ಆರು ತಿಂಗಳು ಬಿಟ್ಟು ಇನ್ನೊಬ್ಬ ಬಂದು "ರೀಕಾನ್ಫಿಗರ್" ಒತ್ತೋದು. ಟೆಂಪ್ಲೇಟ್ ತನ್ನ ಉತ್ತರಗಳಿಂದ ಮತ್ತೆ ಎಲ್ಲ ಕಟ್ಟುತ್ತೆ, ಕೈಯಿಂದ ಮಾಡಿದ್ದು ಮಾಯ. ಈಗಿನ ಹೊಸ ಪದ್ಧತಿ ಫಾಸ್ಟ್ ಟೆಂಪ್ಲೇಟ್, ಎಎಸ್3. ಅಲ್ಲೂ ಅಷ್ಟೇ. ಬೇಕಾದದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದು ಕಳಿಸ್ತೀರಿ, ಫೈಲಿನಲ್ಲಿ ಇಲ್ಲದ್ದು ಮುಂದಿನ ಸಲ ಉಳಿಯಲ್ಲ.

ಆದ್ದರಿಂದ ಟೈಮ್‌ಔಟ್ ಬದಲಿಸೋದಿದ್ದರೆ ಟೆಂಪ್ಲೇಟಿನ ಉತ್ತರದಲ್ಲೇ ಬದಲಿಸಿ. ಅಡ್ವಾನ್ಸ್ಡ್ ಅಂತ ಎಲ್ಲೋ ಮೂಲೆಯಲ್ಲಿ ಇರುತ್ತೆ, ನೋಡಿ. ಅಲ್ಲಿ ಇಲ್ಲ ಅಂದ್ರೆ ಟೆಂಪ್ಲೇಟಿನ ನಕಲು ಮಾಡಿ ಅದರಲ್ಲಿ ನಿಮ್ಮ ಪ್ರಶ್ನೆ ಸೇರಿಸಿ.

ಇನ್ನೂ_ಓದ್ತಿದೀನಿ · ಬೆಳಗಾವಿ

ಸರ್, ನಾನು ಏಳನೇ ಸೆಮ್. ಒಂದು ಡೌಟ್. ರೌಂಡ್ ರಾಬಿನ್ ಹಾಕಿದ್ರೆ ಒಂದು ಇದಕ್ಕೆ ಒಂದು ಅದಕ್ಕೆ ಸಮ ಹೋಗುತ್ತಲ್ವಾ? ಎಲ್ಲ ಒಂದೇ ಸರ್ವರಿಗೆ ಯಾಕೆ ಹೋಗ್ತಿದೆ?

ಉದ್ಯಮಬಾಗ್_ಅಡ್ಮಿನ್

ತಮ್ಮಾ, ಪರೀಕ್ಷೆಯಲ್ಲಿ ಸಮ ಹೋಗುತ್ತೆ. ಇಲ್ಲಿ ಲಾಗಿನ್ ಆದವನ ಸೆಷನ್, ಅಂದ್ರೆ ಅವನು ಯಾರು ಅನ್ನೋ ನೆನಪು, ಒಂದು ಸರ್ವರಿನ ಮೆಮೊರಿಯಲ್ಲಿ ಇರುತ್ತೆ. ಮುಂದಿನ ಕ್ಲಿಕ್ ಇನ್ನೊಂದಕ್ಕೆ ಹೋದರೆ ಅದು "ಯಾರಪ್ಪ ನೀನು" ಅಂತ ಲಾಗಿನ್ ಪುಟ ತೋರಿಸುತ್ತೆ. ಅದಕ್ಕೇ ಒಬ್ಬನನ್ನು ಒಂದೇ ಸರ್ವರಿಗೆ ಅಂಟಿಸಿಡಬೇಕು. ಅಂಟಿಸೋದು ಎರಡು ಥರ. ಬಂದವನ ಐಪಿ (ನೆಟ್‌ವರ್ಕ್ ವಿಳಾಸ) ನೋಡಿ, ಅಥವಾ ಬ್ರೌಸರಿಗೆ ಒಂದು ಕುಕಿ (ಗುರುತಿನ ಚೀಟಿ) ಕೊಟ್ಟು. ಇವರ ಟೆಂಪ್ಲೇಟ್ ಐಪಿ ನೋಡ್ತಿದೆ, ನನ್ನ ಊಹೆ. ಸರ್ಕಲ್ ಆಫೀಸಿನವರೆಲ್ಲ ವಿಪಿಎನ್ ಮೂಲಕ ಬರ್ತಾರೆ ಅಲ್ವಾ ಕಾಟಾ ಅವರೇ?

ಕಾಟಾ_ಕಂಪ್ಯೂಟರ್

ಹೌದು! ಎಲ್ಲರೂ ಒಂದೇ ಫೈರ್‌ವಾಲ್ ದಾಟಿ ಬರ್ತಾರೆ. ಒಳಗೆ ಕಾಣೋದು ಒಂದೇ ಐಪಿ. ಓಹೋ.

ಈಗ ಅರ್ಥ ಆಯ್ತು. ಲೋಡ್ ಬ್ಯಾಲೆನ್ಸರ್ ಅಷ್ಟೂ ಆಫೀಸನ್ನು ಒಬ್ಬನೇ ಮನುಷ್ಯ ಅಂದ್ಕೊಂಡಿದೆ. "ಬಳಕೆದಾರರನ್ನು ಹೇಗೆ ಗುರುತಿಸಬೇಕು" ಅಂತ ಟೆಂಪ್ಲೇಟ್ ಕೇಳಿತ್ತು. ನಾನು ಶಿಫಾರಸು ಮಾಡಿದ್ದು ಅಂತ ಇದ್ದದ್ದನ್ನೇ ಒತ್ತಿ ಮುಂದೆ ಹೋದೆ.

ಕರದಂಟು_ಪ್ರಿಯ · ಗೋಕಾಕ

ಎಲ್ಲರೂ ಹಾಗೇ ಮಾಡೋದು. ಟೆಂಪ್ಲೇಟ್ ನಾಲ್ಕು ಪ್ರಶ್ನೆ ಕೇಳುತ್ತೆ, ನಾವು ನಾಲ್ಕು ಸಲ ನೆಕ್ಸ್ಟ್ ಒತ್ತುತ್ತೇವೆ.

ಅಂದ ಹಾಗೆ ಪತ್ತೇದಾರಿ ಕೆಲಸ ಒಂದು. ನಿಮ್ಮ ಬಾಕ್ಸ್ ಒಳಗೆ ಇರೋದು ಎಚ್‌ಎಪ್ರಾಕ್ಸಿ, ಬರೆದು ಕೊಡ್ತೀನಿ. ಡೆಬಿಯನ್ ಲಿನಕ್ಸಿನಲ್ಲಿ ಅದನ್ನು ಹಾಕಿದರೆ ಜೊತೆಗೆ ಬರುವ ಫೈಲಿನಲ್ಲಿ ಟೈಮ್‌ಔಟ್ ಕ್ಲೈಂಟ್ 50000, ಟೈಮ್‌ಔಟ್ ಸರ್ವರ್ 50000 ಅಂತ ಇರುತ್ತೆ. ಮಿಲಿಸೆಕೆಂಡ್. ಸರಿಯಾಗಿ 50 ಸೆಕೆಂಡ್. ಎನ್‌ಜಿನ್‌ಎಕ್ಸ್ ಅನ್ನೋ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆಗಿದ್ದರೆ 60ಕ್ಕೆ ಸಾಯ್ತಿತ್ತು. ಅಮೆಜಾನಿನದ್ದೂ ಮಾಮೂಲಿ 60. 50 ಅಂತ ಓದಿದ ತಕ್ಷಣ ನನಗೆ ಆ ಫೈಲೇ ಕಣ್ಣ ಮುಂದೆ ಬಂತು. ಯಾರೋ ಅದರ ಮೇಲೆ ಚಂದದ ಸ್ಕ್ರೀನ್ ಕೂರಿಸಿ ಮಾರಿದ್ದಾರೆ. ಮಾರಲಿ ಬಿಡಿ, ತಪ್ಪಲ್ಲ. ಮಾಮೂಲಿ ವೆಬ್ ಪುಟಕ್ಕೆ 50 ಸೆಕೆಂಡ್ ಬೇಕಾದಷ್ಟಾಯ್ತು.

ಕಾಟಾ_ಕಂಪ್ಯೂಟರ್

ಅಣ್ಣಾ, ಈಗ ಒಳಗೆ ಹೊಕ್ಕು ನೋಡಿದೆ. ನಿಜ. ನಿಮಗೆ ಒಂದು ಡಬ್ಬಿ ಕರದಂಟು ಬಾಕಿ.

ಕರದಂಟು_ಪ್ರಿಯ

ಗೋಕಾಕದವನಿಗೆ ಕರದಂಟು ಕೊಡೋದಾ? ಇಳಕಲ್ ಸೀರೆ ಕೊಡಿ, ಮನೆಯಲ್ಲಿ ಮಾನ ಉಳಿಯುತ್ತೆ.

ಟಿಳಕವಾಡಿ_ಮೂರನೇ_ಗೇಟ್

ಕುಂದಾ ಮರೆತು ಮಾತಾಡೋರಿಗೆ ನನ್ನ ಖಂಡನೆ.

ದ್ರಾಕ್ಷಿ_ಶೆಡ್ · ವಿಜಯಪುರ ಜಿಲ್ಲೆ

ಟೆಂಪ್ಲೇಟ್ ಅಂದ ಕೂಡಲೇ ನನ್ನ ಗಾಯ ನೆನಪಾಯ್ತು. ಬರೀತೀನಿ, ಇನ್ನೊಬ್ಬರಿಗೆ ಆಗಬಾರದು.

ಒಣದ್ರಾಕ್ಷಿ ಇಡೋ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಪಾರ್ಟ್ ಟೈಮ್. ರೈತರು ಬಾಕ್ಸ್ ತಂದರೆ ಆವಕ ರಸೀದಿ ಕೊಡಬೇಕು. ಅದರ ಮೇಲೆ ಬಾಡಿಗೆ, ಅದರ ಮೇಲೆ ಸಾಲ, ಎಲ್ಲ. ಎರಡು ಸರ್ವರ್ ಮುಂದೆ ಎನ್‌ಜಿನ್‌ಎಕ್ಸ್ ಹಾಕಿದ್ದೆ. ಟೆಂಪ್ಲೇಟ್ ನೆಟ್ಟಿನಲ್ಲಿ ಯಾರದೋ ಪೋಸ್ಟಿನಿಂದ ಎತ್ತಿದ್ದು. ಅದರಲ್ಲಿ ಒಂದು ಸರ್ವರ್ ಉತ್ತರ ಕೊಡದಿದ್ದರೆ ಇನ್ನೊಂದಕ್ಕೆ ಕಳಿಸು ಅನ್ನೋ ಸಾಲು ಇತ್ತು. ಭಾರಿ ಚಂದ ಅನ್ನಿಸಿತು.

ಒಂದು ಮಧ್ಯಾಹ್ನ ಮೊದಲನೇ ಸರ್ವರ್ ರಸೀದಿ ಸೇವ್ ಮಾಡಿತು, ಉತ್ತರ ಕೊಡೋದು ತಡ ಮಾಡಿತು. ಎನ್‌ಜಿನ್‌ಎಕ್ಸ್ ಕಾದು ಕಾದು ಅದೇ ರಸೀದಿಯನ್ನು ಎರಡನೇದಕ್ಕೂ ಕಳಿಸಿತು. ಅದೂ ಸೇವ್ ಮಾಡಿತು. ಒಬ್ಬ ರೈತರ 240 ಬಾಕ್ಸ್ ಕಂಪ್ಯೂಟರಲ್ಲಿ 480 ಆಯ್ತು. ಅವರು ಒಳ್ಳೆಯವರು, ತಾವೇ ಬಂದು "ತಮ್ಮಾ, ನನ್ನ ಮಾಲು ಮರಿ ಹಾಕೈತಿ" ಅಂದರು. ಸುಮ್ಮನಿದ್ದಿದ್ದರೆ ನನಗೆ ಗೊತ್ತಾಗ್ತಿದ್ದದ್ದು ಸ್ಟಾಕ್ ಎಣಿಸಿದಾಗಲೇ.

ಆಮೇಲೆ ಓದಿದೆ. ಎನ್‌ಜಿನ್‌ಎಕ್ಸ್ 1.9.13ರಿಂದ ತಾನಾಗೇ ಪೋಸ್ಟ್ ಕೋರಿಕೆಯನ್ನು (ಮಾಹಿತಿ ಸೇವ್ ಮಾಡೋಕೆ ಕಳಿಸೋದನ್ನು) ಒಮ್ಮೆ ಕಳಿಸಿದ ಮೇಲೆ ಮತ್ತೊಂದು ಸರ್ವರಿಗೆ ಕಳಿಸಲ್ಲ. ಕಳಿಸು ಅಂತ ಬೇಕಂತಲೇ ಒಂದು ಪದ ಸೇರಿಸಿದರೆ ಮಾತ್ರ ಕಳಿಸುತ್ತೆ. ನಾನು ಎತ್ತಿದ ಟೆಂಪ್ಲೇಟಲ್ಲಿ ಆ ಪದ ಇತ್ತು. ಅದನ್ನು ಬರೆದವನಿಗೆ ಯಾಕೆ ಬೇಕಿತ್ತೋ, ಅವನ ಅಂಗಡಿ ಏನು ಮಾರ್ತಿತ್ತೋ.

ಡಿಬಿ_ಅಕ್ಕ

ರಸೀದಿ ನಂಬರಿಗೆ ಯೂನಿಕ್ (ಒಂದೇ ನಂಬರ್ ಎರಡು ಸಲ ಬರಬಾರದು ಅನ್ನೋ ನಿಯಮ) ಹಾಕಿದ್ದರೆ ಎರಡನೇದು ಸೇವೇ ಆಗ್ತಿರಲಿಲ್ಲ. ತಪ್ಪು ಎನ್‌ಜಿನ್‌ಎಕ್ಸಿನದ್ದು ಅಂತ ಮಾತ್ರ ಹೇಳಬೇಡಿ.

ದ್ರಾಕ್ಷಿ_ಶೆಡ್

ಅಕ್ಕಾ, ನಂಬರ್ ಸರ್ವರೇ ಹುಟ್ಟಿಸ್ತಿತ್ತು. ಎರಡು ಸರ್ವರ್, ಎರಡು ನಂಬರ್. ಈಗ ಕಳಿಸೋ ಕಡೆಯಿಂದಲೇ ಒಂದು ಟೋಕನ್ ಹೋಗುತ್ತೆ, ಅದಕ್ಕೆ ಯೂನಿಕ್ ಹಾಕಿದೀನಿ. ಬುದ್ಧಿ ಬಂದ ಮೇಲೆ.

ಡಿಬಿ_ಅಕ್ಕ

ಸರಿ, ಹಾಗಾದ್ರೆ ಕ್ಷಮೆ.

ಗುಮ್ಮಟದ_ಪ್ರತಿಧ್ವನಿ

ಹಳೇ ಟೆಂಪ್ಲೇಟ್ ಬಗ್ಗೆ ಇನ್ನೊಂದು. ಎಕ್ಸ್‌ಚೇಂಜ್ 2010ಕ್ಕೆ ಬಳಕೆದಾರನನ್ನು ಒಂದೇ ಸರ್ವರಿಗೆ ಅಂಟಿಸಲೇಬೇಕಿತ್ತು. 2013ರಲ್ಲಿ ಆ ಅಗತ್ಯವೇ ಹೋಯ್ತು. ಎಷ್ಟೋ ಕಡೆ ಸರ್ವರ್ ಹೊಸದು ಹಾಕಿದರು, ಟೆಂಪ್ಲೇಟ್ ಹಳೇದೇ ಬಿಟ್ಟರು. ಬೇಡದ ಗೋಂದು ಹಾಗೇ ಉಳಿಯಿತು. ಕೆಲಸ ನಡೀತಿದೆಯಲ್ಲ ಅಂತ ಯಾರೂ ನೋಡಲೂ ಇಲ್ಲ.

ಕಾಟಾ_ಕಂಪ್ಯೂಟರ್ · ಬುಧವಾರ ಮಧ್ಯಾಹ್ನ

ಕುಕಿಗೆ ಬದಲಿಸೋಣ ಅಂತ ಕೂತೆ, ಹೊಸ ಸಮಸ್ಯೆ. ಕಾಟಾ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ ಇವೆ. ಆಪರೇಟರ್ ರೈತರ ಹೆಸರು, ಗಾಡಿ ನಂಬರ್ ತುಂಬೋದು ಬ್ರೌಸರಿನಲ್ಲಿ. ತೂಕ ಓದಿ ಕಳಿಸೋದು ಕಾಟಾ ಕಂಪನಿಯವರು ಕೊಟ್ಟ ಒಂದು ಸಣ್ಣ ವಿಂಡೋಸ್ ಪ್ರೋಗ್ರಾಂ. ಅದಕ್ಕೆ ಕುಕಿ ಅಂದ್ರೇನು ಅಂತಲೇ ಗೊತ್ತಿಲ್ಲ. ಕೊಟ್ಟದ್ದನ್ನು ಎಸೆದುಬಿಡುತ್ತೆ.

ಉದ್ಯಮಬಾಗ್_ಅಡ್ಮಿನ್

ಆ ಪ್ರೋಗ್ರಾಂ ಲಾಗಿನ್ ಆಗುತ್ತಾ?

ಕಾಟಾ_ಕಂಪ್ಯೂಟರ್

ಇಲ್ಲ. ಪ್ರತಿ ಸಲ ತೂಕದ ಜೊತೆ ಒಂದು ಕೀ ಕಳಿಸುತ್ತೆ, ಅಷ್ಟೇ. ಸರ್ವರ್ ನೇರ ಡೇಟಾಬೇಸಿಗೆ ಬರೆಯುತ್ತೆ.

ಉದ್ಯಮಬಾಗ್_ಅಡ್ಮಿನ್

ಹಾಗಾದ್ರೆ ಅದನ್ನು ಅಂಟಿಸೋದೇ ಬೇಡ ಮಾರಾಯ್ರೆ. ಯಾವ ಸರ್ವರಿಗೆ ಹೋದರೂ ಒಂದೇ.

ಕಾಟಾ_ಕಂಪ್ಯೂಟರ್

ಎರಡು ಗಂಟೆ ತಲೆ ಕೆಡಿಸಿಕೊಂಡಿದ್ದೆ.

ಹಿಪ್ಪರಗಿ_ನೀರು · ಬಾಗಲಕೋಟೆ ಜಿಲ್ಲೆ

ಇಷ್ಟೆಲ್ಲ ತಂತ್ರಜ್ಞಾನ ಹಾಕ್ತೀರಿ, ನಮ್ಮ ಕಬ್ಬಿನ ಬಿಲ್ಲು ಬೇಗ ಬರುತ್ತಾ ಹೇಳಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ 14 ದಿನ ಅಂತ ಇದೆ. ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಆ ರಿಪೋರ್ಟ್ 50 ಸೆಕೆಂಡಿಗೆ ಸತ್ತರೆ ನಾವು ಏನು ಮಾಡೋದು?

ಕಾಟಾ_ಕಂಪ್ಯೂಟರ್

ಕಾಕಾ, ರಿಪೋರ್ಟ್ ತೆಗೆಯೋದು ನನ್ನ ಕೈಲಿದೆ. ದುಡ್ಡು ಹಾಕೋದು ಮೇಲಿನವರ ಕೈಲಿ. ನನ್ನ ಅಪ್ಪನ ಕಬ್ಬೂ ಇದೇ ಕಾರ್ಖಾನೆಗೆ ಬರುತ್ತೆ, ಮನೆಯಲ್ಲೂ ಇದೇ ಪ್ರಶ್ನೆ.

ಟಿಳಕವಾಡಿ_ಮೂರನೇ_ಗೇಟ್

ಇನ್ನು ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡೋ ಕಬ್ಬಿನ ದರ) ಶುರುವಾದರೆ ಇಡೀ ವಾರ ಸಾಲಲ್ಲ. ಕಬ್ಬಿನ ದರಕ್ಕೆ ಬೇರೆ ಚರ್ಚೆ ತೆರೆಯೋಣ ಕಾಕಾ, ನಾನೂ ಬರ್ತೀನಿ.

ಕರದಂಟು_ಪ್ರಿಯ

ರಿಪೋರ್ಟ್ ವಿಷಯಕ್ಕೆ ಒಂದು ಮಾತು. ಟೈಮ್‌ಔಟ್ ಐದು ನಿಮಿಷ ಮಾಡಿದಿರಿ. ನಾಳೆ ರೈತರು ಜಾಸ್ತಿ ಆದರೆ ಏಳು ನಿಮಿಷ ಆಗುತ್ತೆ. ಆಗ ಹತ್ತು ಮಾಡ್ತೀರಾ? ರಿಪೋರ್ಟ್ ಹಿನ್ನೆಲೆಯಲ್ಲಿ ಓಡಲಿ, ಮುಗಿದ ಮೇಲೆ ಡೌನ್‌ಲೋಡ್ ಕೊಂಡಿ ಬರಲಿ.

ಗುಮ್ಮಟದ_ಪ್ರತಿಧ್ವನಿ

ಹೇಳೋದು ಸುಲಭ. ಸಾಫ್ಟ್‌ವೇರ್ ಬರೆದವರು ಹಂಗಾಮಿನ ಮಧ್ಯೆ ಫೋನ್ ಎತ್ತುತ್ತಾರಾ? ಸದ್ಯಕ್ಕೆ ಆ ರಿಪೋರ್ಟಿನ ದಾರಿಗೆ ಮಾತ್ರ ಬೇರೆ ಬ್ಯಾಕೆಂಡ್ ಮಾಡಿ ಅಲ್ಲಿ ಐದು ನಿಮಿಷ ಇಡಿ. ಎಲ್ಲದಕ್ಕೂ ಐದು ನಿಮಿಷ ಇಟ್ಟರೆ ಸತ್ತ ಸರ್ವರಿಗಾಗಿ ಕಾಟಾ ಆಪರೇಟರ್ ಐದು ನಿಮಿಷ ಚಕ್ರ ತಿರುಗೋದನ್ನು ನೋಡ್ತಾ ಕೂರಬೇಕಾಗುತ್ತೆ.

ಕರದಂಟು_ಪ್ರಿಯ

ಇದು ಒಪ್ಪಿದೆ.

ಲೆಕ್ಕಪತ್ರ_ತಾಯಿ · ಬೆಳಗಾವಿ

ನಾನು ತಾಂತ್ರಿಕದವಳಲ್ಲ, ಆಡಿಟ್ ಕಡೆಯವಳು. ಈ ಥರ ಲೋಡ್ ಬ್ಯಾಲೆನ್ಸರ್ ಹಾಕಿದ ಒಂದು ಕಡೆ ಹೋಗಿದ್ದೆ. ಯಾವ ಕಂಪ್ಯೂಟರಿನಿಂದ ಬಿಲ್ಲು ತಿದ್ದಿದ್ದು ಅಂತ ಕೇಳಿದರೆ ಲಾಗಿನಲ್ಲಿ ಎಲ್ಲ ಒಂದೇ ಐಪಿ. ಗೇಟ್ ಸೆಕ್ಯುರಿಟಿಯಿಂದ ಸಾಹೇಬರ ತನಕ ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದಂತೆ. ನಿಮ್ಮದೂ ಹಾಗೇ ಇದೆಯಾ ನೋಡಿಕೊಳ್ಳಿ.

ಗುಮ್ಮಟದ_ಪ್ರತಿಧ್ವನಿ

ತಾಯಿ ಹೇಳಿದ್ದು ನೂರಕ್ಕೆ ನೂರು. ಸರ್ವರಿಗೆ ಕಾಣೋದು ಲೋಡ್ ಬ್ಯಾಲೆನ್ಸರಿನ ಐಪಿ ಮಾತ್ರ. ನಿಜವಾದ ಐಪಿಯನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಅನ್ನೋ ಹೆಡರಿನಲ್ಲಿ ಸೇರಿಸಿ ಕಳಿಸಬೇಕು. ಹೆಚ್ಚಿನ ಟೆಂಪ್ಲೇಟಿನಲ್ಲಿ ಅದಕ್ಕೆ ಟಿಕ್ ಇರುತ್ತೆ. ಆದರೆ ಟಿಕ್ ಹಾಕಿದರೆ ಅರ್ಧ ಕೆಲಸ. ಟಾಮ್‌ಕ್ಯಾಟಿನಲ್ಲಿ ರಿಮೋಟ್ ಐಪಿ ವಾಲ್ವ್ ಅನ್ನೋ ಸೆಟ್ಟಿಂಗ್ ಹಾಕಿ ಆ ಹೆಡರ್ ಓದು ಅಂತ ಹೇಳಬೇಕು. ಅದೇ ವಾಲ್ವ್ ಎಚ್‌ಟಿಟಿಪಿಎಸ್ ವಿಷಯವನ್ನೂ ನೋಡಿಕೊಳ್ಳುತ್ತೆ, ಇಲ್ಲಾಂದ್ರೆ ಲಾಗಿನ್ ಆದ ಮೇಲೆ ಪುಟ ಎಚ್‌ಟಿಟಿಪಿಗೆ ಜಾರುತ್ತೆ.

ಹಳೇ_ಯುಪಿಎಸ್ · ಬೆಳಗಾವಿ

ಎಲ್ಲ ಸರಿ. ಲೋಡ್ ಬ್ಯಾಲೆನ್ಸರ್ ಎಷ್ಟಿವೆ?

ಕಾಟಾ_ಕಂಪ್ಯೂಟರ್

ಒಂದು.

ಹಳೇ_ಯುಪಿಎಸ್

ಹೋದ ವರ್ಷ ಒಂದೇ ಸರ್ವರ್ ಇತ್ತು, ಅದು ಬಿದ್ದಿತ್ತು. ಈ ವರ್ಷ ಒಂದೇ ಲೋಡ್ ಬ್ಯಾಲೆನ್ಸರ್. ಬೀಳೋ ವಸ್ತುವಿನ ಹೆಸರು ಬದಲಾಯ್ತು, ಅಷ್ಟೇ ಅಲ್ವಾ?

ನಗಬೇಡಿ, ನಾನೂ ಮಾಡಿದವನೇ. ನಾನು ಎರಡು ಇಟ್ಟಿದ್ದೆ. ಕೀಪ್‌ಅಲೈವ್‌ಡಿ ಹಾಕಿ, ಒಂದು ಸತ್ತರೆ ಇನ್ನೊಂದು ಅದೇ ಐಪಿ ಎತ್ತಿಕೊಳ್ಳೋ ಹಾಗೆ ಮಾಡಿದ್ದೆ. ಎದೆ ಉಬ್ಬಿಸಿಕೊಂಡು ಓಡಾಡ್ತಿದ್ದೆ. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಯ್ತು, ಎರಡೂ ಒಟ್ಟಿಗೆ ಆರಿದವು. ಎರಡನ್ನೂ ಒಂದೇ ಯುಪಿಎಸ್ಸಿಗೆ, ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದೆ. ಈ ಹೆಸರು ಅವತ್ತಿನಿಂದ ಬಂದದ್ದು.

ಇನ್ನೂ_ಓದ್ತಿದೀನಿ

ಇದನ್ನೆಲ್ಲ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕಬಹುದಾ ಸರ್?

ಹಳೇ_ಯುಪಿಎಸ್

ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ಹಾಕು.

ಕಾಟಾ_ಕಂಪ್ಯೂಟರ್ · ಶುಕ್ರವಾರ ರಾತ್ರಿ 1:15

ಏನಾಯ್ತು ಅಂತ ಹೇಳದೆ ಮಲಗೋಕೆ ಮನಸ್ಸಿಲ್ಲ.

ಟೆಂಪ್ಲೇಟ್ ಕಿತ್ತೆಸೆಯಲಿಲ್ಲ. ಗುಮ್ಮಟ ಅಣ್ಣ ಹೇಳಿದ ಹಾಗೆ ನಕಲು ಮಾಡಿ ಎಲ್ಲ ಬದಲಾವಣೆ ಅದರಲ್ಲೇ ಬರೆದೆ. ಬ್ರೌಸರಿಗೆ ಕುಕಿ, ತೂಕದ ಪ್ರೋಗ್ರಾಮಿಗೆ ಅಂಟು ಇಲ್ಲ, ರಿಪೋರ್ಟಿಗೆ ಬೇರೆ ದಾರಿ. ಆರೋಗ್ಯದ ಪುಟ ನನ್ನ ಹುಡುಗನೇ ಬರೆದ, ಹನ್ನೆರಡು ಸಾಲು. ಸಾಫ್ಟ್‌ವೇರಿನವರು ಊಹಿಸಿದ ಹಾಗೆ ಫೋನ್ ಎತ್ತಲಿಲ್ಲ. ಐದು ಸೆಕೆಂಡಿಗೊಮ್ಮೆ ಕೇಳುತ್ತೆ, ಮೂರು ಸಲ ತಪ್ಪಿದರೆ ಹೊರಗೆ. ಅಕ್ಕ ಹೇಳಿದ ಆ ಕೊನೆಯ ಸಾಲನ್ನೂ ಸೇರಿಸಿದೆ, ಎರಡೂ ಬಿದ್ದರೆ ಚೆಕ್ ಇಲ್ಲದ ಬ್ಯಾಕೆಂಡಿಗೆ.

ಇವತ್ತು ರಾತ್ರಿ ಹನ್ನೊಂದೂವರೆಗೆ, ಗಾಡಿ ಸ್ವಲ್ಪ ಕಡಿಮೆ ಇದ್ದಾಗ, ಎರಡನೇ ಸರ್ವರಿನ ಡೇಟಾಬೇಸ್ ಕಡೆಯ ಕೇಬಲ್ ಕಿತ್ತೆ. ಹುಡುಗ ಸ್ಕ್ರೀನ್ ಮುಂದೆ, ನಾನು ಗಡಿಯಾರ ನೋಡ್ತಾ. 14 ಸೆಕೆಂಡಿಗೆ ಕೆಂಪಾಯ್ತು. ಜೀವನದಲ್ಲಿ ಕೆಂಪು ನೋಡಿ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ಕಾಟಾ 2ಕ್ಕೆ ಓಡಿಹೋಗಿ ನೋಡಿದೆ. ಟ್ರಾಲಿ ಕಾಟಾ ಮೇಲೇ ಇದೆ, ತೂಕ ಬಂದಿದೆ. ಆದರೆ ಆಪರೇಟರ್ ಮುಂದೆ ಲಾಗಿನ್ ಪುಟ. ಸೆಷನ್ ಆ ಸರ್ವರಿನ ಜೊತೆಗೇ ಹೋಗಿತ್ತು. "ಇದೇನ್ರಿ ಸರ, ನನ್ನ ಹೊರಗ ಹಾಕೇತಿ" ಅಂದ. ಮತ್ತೆ ಲಾಗಿನ್ ಆಗಿ ಗಾಡಿ ನಂಬರ್ ಇನ್ನೊಮ್ಮೆ ಹೊಡೆದು ಚೀಟಿ ಕೊಟ್ಟ. ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಕೂಡ ಹೊಡೆಯಲಿಲ್ಲ.

ಇದಕ್ಕೇನು ಮಾಡೋದು? ಎರಡೂ ಸರ್ವರಿಗೆ ಸೆಷನ್ ಹಂಚೋದು ಕಷ್ಟವಾ?

ಡಿಬಿ_ಅಕ್ಕ

ಟಾಮ್‌ಕ್ಯಾಟಿನಲ್ಲೇ ಕ್ಲಸ್ಟರ್ ಅಂತ ಇದೆ, ಒಂದರ ಸೆಷನ್ ಇನ್ನೊಂದಕ್ಕೆ ನಕಲಾಗುತ್ತೆ. ಎರಡು ಸರ್ವರಿಗೆ ಸಾಕು. ಆದರೆ ನಿಮ್ಮ ಸಾಫ್ಟ್‌ವೇರ್ ಸೆಷನ್ನಿನೊಳಗೆ ಏನೇನು ತುರುಕಿದೆಯೋ, ಎಲ್ಲ ನಕಲು ಮಾಡೋಕೆ ಬರೋ ಥರ ಬರೆದಿರಬೇಕು. ಬರೆದವರನ್ನೇ ಕೇಳಬೇಕು. ಹಂಗಾಮು ಮುಗಿದ ಮೇಲೆ ಮುಟ್ಟಿ, ಈಗ ಬೇಡ.

ಮತ್ತೆ ಕೇಬಲ್ ವಾಪಸ್ ಸಿಕ್ಕಿಸಿದಿರಾ?

ಕಾಟಾ_ಕಂಪ್ಯೂಟರ್

ಅಯ್ಯೋ.

ಕಾಟಾ_ಕಂಪ್ಯೂಟರ್

ಸಿಕ್ಕಿಸಿದೆ. ಹುಡುಗ ಆಗಲೇ ಸಿಕ್ಕಿಸೋಕೆ ಹೊರಟಿದ್ದನಂತೆ, ನಾನೇ ಚಹಾ ತರೋಕೆ ಕಳಿಸಿದ್ದೆ.